ಕೆಲಸ ಬಿಡುವಾಗ ಇಸ್ಕೊಳ್ಳಬೇಕಾದ ಟೀಸಿ

ಮಗಳಿಗೆ ಜ್ವರ ಬಂದದ್ದು ಜೂನ್ ಎರಡನೇ ವಾರ. ಬೆಂಗಳೂರು ಬಿಟ್ಟು ಊರಿಗೆ ಬಂದು ಹತ್ತು ದಿನ ಆಗಿತ್ತಷ್ಟೆ. ತಂದ ಪೆಟ್ಟಿಗೆಗಳನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಹಿಡಿದ ಮಳೆ ಬಿಟ್ಟಿರಲಿಲ್ಲ. ತೀರ್ಥಹಳ್ಳಿಯ ಒಂದು ಆಸ್ಪತ್ರೆಗೆ ಕರಕೊಂಡು ಹೋದೆವು. ಎರಡು ದಿನ ಇರಲಿ, ಡ್ರಿಪ್ ಹಾಕೋಣ ಅಂದರು ಡಾಕ್ಟರು. ಕೌಂಟರಿನ ಹುಡುಗಿ ಬರೆಯುತ್ತಾ ತಲೆ ಎತ್ತದೆ ಕೇಳಿದಳು, "ಇನ್ಶೂರೆನ್ಸ್ ಇದ್ಯಾ ಅಕ್ಕಾ?"

"ಇದೆ" ಅಂದೆ. ಹನ್ನೊಂದು ವರ್ಷದ ಅಭ್ಯಾಸ. ಯೋಚನೆ ಕೂಡ ಮಾಡಲಿಲ್ಲ. ಮೊಬೈಲ್ ತೆಗೆದು ಆ್ಯಪ್ ಒತ್ತಿದೆ. ನೆಟ್‌ವರ್ಕ್ ಒಂದು ಕಡ್ಡಿ ಇತ್ತು, ಅದು ಸುತ್ತಿ ಸುತ್ತಿ ಕೊನೆಗೆ ತೆರೆಯಿತು. ನನ್ನ ಹೆಸರು, ಗಂಡನ ಹೆಸರು, ಮಗಳದು, ಅಮ್ಮನದು. ನಾಲ್ಕರ ಮುಂದೂ ಕೆಂಪಕ್ಷರದಲ್ಲಿ ಒಂದೇ ಪದ: ಇನ್‌ಆ್ಯಕ್ಟಿವ್. ಕೆಳಗೆ ತಾರೀಕು, 30 ಮೇ 2025. ಅದು ಆಫೀಸಿನಲ್ಲಿ ನನ್ನ ಕೊನೆಯ ದಿನ.

ಬಿಲ್ಲು 9,800 ರೂಪಾಯಿ ಆಯಿತು. ಕಟ್ಟಿದೆವು. ಮಗಳು ಮೂರನೇ ದಿನ ಮನೆಗೆ ಬಂದು ಚಕ್ಕುಲಿ ಕೇಳಿದಳು. ಅಷ್ಟಕ್ಕೇ ಮುಗಿಯಿತು ಅನ್ನಬಹುದು. ಆದರೆ ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಲೆಕ್ಕ ಹಾಕುತ್ತಿದ್ದದ್ದು ಆ ಬಿಲ್ಲನ್ನಲ್ಲ, ಅಮ್ಮನನ್ನು. ಅಮ್ಮನಿಗೆ 68. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಬಲಗಣ್ಣಿನ ಪೊರೆ ಆಪರೇಷನ್ ಎರಡು ವರ್ಷದ ಕೆಳಗೆ ಕಂಪನಿ ಇನ್ಶೂರೆನ್ಸಿನಲ್ಲೇ ಆಗಿತ್ತು. ಎಡಗಣ್ಣು ಬಾಕಿ. "ಮಳೆಗಾಲ ಕಳೀಲಿ" ಅಂತ ಅವಳೇ ಮುಂದೆ ಹಾಕಿದ್ದಳು. ಹಿಂದಿನ ಸಲ ಅಡಿಕೆ ಆರಿಸುವಾಗ ರಾಶಿಯೊಳಗೆ ಗೊರಬಲು, ಅಂದರೆ ಕಮ್ಮಿ ದರ್ಜೆಯ ಅಡಿಕೆ, ಹಾಗೇ ಬಿಟ್ಟಿದ್ದಳಂತೆ. ನಲವತ್ತೈದು ವರ್ಷದಲ್ಲಿ ಮೊದಲ ಸಲ ಮಂಡಿಯವರು ಮಾತು ಎತ್ತಿದ್ದರು. ಅದನ್ನು ಅವಳು ನಮಗೆ ಹೇಳಲಿಲ್ಲ. ಪಕ್ಕದ ಮನೆಯವರಿಂದ ಗೊತ್ತಾಯಿತು.

ಇದರಲ್ಲಿ ತಪ್ಪು ನಂದೇ. ಕೆಲಸ ಬಿಡುವಾಗ ಎಲ್ಲವನ್ನೂ ನೆನಪಿಟ್ಟು ಮಾಡಿದ್ದೆ. ಪಿಎಫ್ ನೋಡಿಕೊಂಡೆ. ಗ್ರಾಚ್ಯುಟಿ ಲೆಕ್ಕ ಸರಿಯಿದೆಯಾ ಅಂತ ಎರಡು ಸಲ ಕೂಡಿಸಿದೆ. ರಿಲೀವಿಂಗ್ ಲೆಟರಿನಲ್ಲಿ ಹೆಸರಿನ ಸ್ಪೆಲ್ಲಿಂಗ್ ತಿದ್ದಿಸಿದೆ. ಮಗಳ ಟೀಸಿಗಾಗಿ ಅವಳ ಶಾಲೆಗೆ ಮೂರು ಸಲ ಅಲೆದೆ. ಟೀಸಿ ಇಲ್ಲದಿದ್ದರೆ ಇಲ್ಲಿನ ಶಾಲೆಯವರು ನಾಲ್ಕನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತಾರಾ ಅಂತ ನನಗೇ ಭಯ. ಮಗಳ ಟೀಸಿಗೆ ಅಷ್ಟು ಪರದಾಡಿದವಳು ನನ್ನ ಟೀಸಿ ಒಂದಿದೆ ಅನ್ನೋದನ್ನೇ ಮರೆತಿದ್ದೆ.

ನನ್ನ ತಲೆಯಲ್ಲಿ ಇದ್ದದ್ದು ಹೀಗೆ. ಅಮ್ಮನ ಪಾಲಿನ ಪ್ರೀಮಿಯಂ ಏಪ್ರಿಲ್ ಸಂಬಳದಲ್ಲೇ ಕಟ್ ಆಗಿದೆ, ಇಡೀ ವರ್ಷದ್ದು. ಅಂದಮೇಲೆ ಮುಂದಿನ ಮಾರ್ಚ್‌ವರೆಗೆ ಚಿಂತೆಯಿಲ್ಲ. ನನ್ನ ಹಾಗೇ ಅಂದುಕೊಂಡವರು ಆಫೀಸಿನಲ್ಲೇ ಇನ್ನೂ ಮೂವರಿದ್ದರು ಅಂತ ಆಮೇಲೆ ಗೊತ್ತಾಯಿತು. ಗ್ರೂಪ್ ಪಾಲಿಸಿ ಕಂಪನಿಯದು, ನಮ್ಮದಲ್ಲ. ನಮ್ಮ ಹೆಸರು ಅದರ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೆ. ಕೊನೆಯ ದಿನ ಆ ಸಾಲು ಅಳಿಸುತ್ತಾರೆ. ಎಕ್ಸಿಟ್ ಮೇಲಿನಲ್ಲಿ ಅದನ್ನು ಬರೆದೂ ಇದ್ದರು, ಲ್ಯಾಪ್‌ಟಾಪ್ ಚಾರ್ಜರ್ ವಾಪಸ್ ಕೊಡಿ ಅನ್ನೋದಕ್ಕಿಂತ ಕೆಳಗೆ. ಅಮ್ಮನದು ಅಂತ ಕಟ್ ಮಾಡಿದ್ದರಲ್ಲಿ ಉಳಿದ ತಿಂಗಳ ದುಡ್ಡು ಫೈನಲ್ ಸೆಟ್ಲ್‌ಮೆಂಟ್‌ನಲ್ಲಿ ವಾಪಸ್ ಬಂತು. ಅದೂ ಕೇಳಿದ ಮೇಲೆ. ಕೇಳದಿದ್ದರೆ ಬರುತ್ತಿತ್ತಾ? ಗೊತ್ತಿಲ್ಲ, ಬಿಡಿ.

ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಅವನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡಾಗ "ನಿಮ್ಮಲ್ಲಿ ಕೋಬ್ರಾ ಇಲ್ವಾ ಅಕ್ಕಾ?" ಅಂದ. ಸ್ಪೀಕರ್ ಹಾಕಿದ್ದೆ. ಅಮ್ಮ ಬಚ್ಚಲು ಒಲೆ ಬಿಟ್ಟು ಓಡಿ ಬಂದಳು. "ಎಲ್ಲಿ? ಯಾರಿಗೆ ಕಚ್ಚಿತು?" ಆಗುಂಬೆ ಕಡೆಯವರ ಮನೆಯಲ್ಲಿ ಆ ಪದ ಸುಮ್ನೆ ಬಾಯಿಗೆ ಬರೋದಿಲ್ಲ. ನಮ್ಮ ಸೌದೆ ಕೊಟ್ಟಿಗೆಯಿಂದಲೇ ಒಂದು ವರ್ಷ ಕಾಳಿಂಗ ಹಿಡಿಸಿದ್ದೇವೆ.

ತಮ್ಮ ಹೇಳಿದ್ದು ಹಾವಿನ ವಿಷಯ ಅಲ್ಲ. ಅಮೆರಿಕದ 1985ರ ಒಂದು ಕಾಯ್ದೆಯ ಉದ್ದ ಹೆಸರಿನ ಮೊದಲಕ್ಷರಗಳು ಸೇರಿ ಕೋಬ್ರಾ ಆಗಿದೆ. 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿ ಬಿಟ್ಟವರು ಅದೇ ಇನ್ಶೂರೆನ್ಸನ್ನು ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಬಹುದು. ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ನಮ್ಮ ತಲೆಗೇ ಬರುತ್ತದೆ, ಮೇಲೆ ನಿರ್ವಹಣೆಗೆ ಅಂತ ಇನ್ನು ಎರಡು ಪರ್ಸೆಂಟ್. ಒಟ್ಟು ಪ್ರೀಮಿಯಮ್ಮಿನ 102 ಪರ್ಸೆಂಟ್‌ವರೆಗೆ ಕೇಳಬಹುದು. 2023ರಲ್ಲಿ ತಮ್ಮನ ಕೆಲಸ ಹೋದಾಗ ಮೂರು ಜನರಿಗೆ ತಿಂಗಳಿಗೆ 1,900 ಡಾಲರ್ ಅಂತ ಕಾಗದ ಬಂದಿತ್ತಂತೆ. ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ! ಅವನು ಕಟ್ಟಲೇ ಇಲ್ಲ. ಬೇಕೋ ಬೇಡವೋ ಹೇಳಲು 60 ದಿನ ಟೈಮ್ ಇರುತ್ತದೆ, ಕೊನೆಗೆ ಹೂಂ ಅಂದು ದುಡ್ಡು ಕಟ್ಟಿದರೆ ಹಿಂದಿನ ದಿನಗಳಿಗೂ ಸೇರಿಸಿ ಕವರ್ ಸಿಗುತ್ತದೆ. ಹಾಗಾಗಿ ಕಾದು ನೋಡಿದ. 50ನೇ ದಿನ ಹೊಸ ಕೆಲಸ ಸಿಕ್ಕಿತು. ಜ್ವರ ಬಂದ ಮೇಲೆ ಇನ್ಶೂರೆನ್ಸ್ ಬೇಕು ಅನ್ನಬಹುದಾದ ಊರು ಅದು. ನಂಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಅದಕ್ಕಿಂತ ಜಾಸ್ತಿ ಆಶ್ಚರ್ಯ ಆದದ್ದು ನಮ್ಮ ಬೇಲಿ ಪಕ್ಕದಲ್ಲೇ. ಕೆಳಮನೆಯ ಹುಡುಗಿ ಶಿವಮೊಗ್ಗದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಮಾರ್ಚ್‌ ಕೊನೆಗೆ ಬಿಟ್ಟು ಬಂದಿದ್ದಾಳೆ. ಅವಳಿಗೆ ಇಎಸ್‌ಐ, ನೌಕರರಿಗೆ ಅಂತ ಇರುವ ಸರ್ಕಾರಿ ವಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಬರುವಂಥದ್ದು. ಅವಳ ಸಂಬಳದಲ್ಲಿ ಮುಕ್ಕಾಲು ಪರ್ಸೆಂಟ್ ಹಿಡಿಯುತ್ತಿದ್ದರು, ಕಂಪನಿ ಮೂರೂಕಾಲು ಪರ್ಸೆಂಟ್ ಹಾಕುತ್ತಿತ್ತು. ಇಎಸ್‌ಐ ಲೆಕ್ಕ ಆರಾರು ತಿಂಗಳಿನದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜುಲೈಯಿಂದ ಡಿಸೆಂಬರ್‌ವರೆಗೆ ಸೌಲಭ್ಯ, ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಆಗಿದ್ದರೆ. ಹಾಗಾಗಿ ಕೆಲಸ ಬಿಟ್ಟ ಮೇಲೂ ಅವಳ ಕಾರ್ಡ್ ನಡೆಯುತ್ತಿತ್ತು. ಹದಿನಾಲ್ಕು ಸಾವಿರ ಸಂಬಳದ ಹುಡುಗಿಯದು ನಡೆಯುತ್ತಿತ್ತು, ಎಸಿ ಆಫೀಸಿನಲ್ಲಿ ಕೂತಿದ್ದ ನನ್ನದು ರಾತ್ರಿ ಹನ್ನೆರಡಕ್ಕೆ ಆರಿಹೋಯಿತು. "ಅಕ್ಕಾ, ನಿಮ್ಗೆ ಇಎಸ್‌ಐ ಇರ್ಲಿಲ್ವಾ?" ಅಂತ ಅವಳು ಮರುಕದಿಂದ ಕೇಳಿದಳು.

ನಮ್ಮಂಥವರಿಗೆ ಇಲ್ಲಿ ಹಳೆಯ ಪಾಲಿಸಿಯನ್ನೇ ಮುಂದುವರಿಸುವ ದಾರಿ ಇಲ್ಲ. ಇರೋದು ಮೈಗ್ರೇಷನ್. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮದಲ್ಲೇ ಇದೆ: ಗ್ರೂಪ್ ಪಾಲಿಸಿಯಿಂದ ಹೊರಗೆ ಬರುವವರು, ಅದರಲ್ಲಿದ್ದ ಮನೆಯವರು ಕೂಡ, ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ದಾಟಿಕೊಳ್ಳಬಹುದು. ದುಡ್ಡು ನಮ್ಮದೇ, ಪಾಲಿಸಿಯೂ ಹೊಸದೇ. ಆದರೆ ಅಷ್ಟು ವರ್ಷ ಕವರ್‌ನಲ್ಲಿದ್ದೆವು ಅನ್ನೋ ಲೆಕ್ಕ ನಮ್ಮ ಜೊತೆ ಬರುತ್ತದೆ. ಇದನ್ನೇ ನಾನು ಟೀಸಿ ಅನ್ನೋದು. ಟೀಸಿ ಇಲ್ಲದೆ ಹೋದರೆ ಮತ್ತೆ ಒಂದನೇ ಕ್ಲಾಸು.

ಒಂದನೇ ಕ್ಲಾಸು ಅಂದರೆ ಏನು ಅಂತ ಅಮ್ಮನಿಗೆ ವಿವರಿಸಬೇಕಾಯಿತು. ಹೊಸದಾಗಿ ಪಾಲಿಸಿ ತಗೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕೊಡೋದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿಚಿಪ್ಪು ಬದಲಾವಣೆ ಇಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮೊದಲು ಅದು ನಾಲ್ಕು ವರ್ಷ ಇತ್ತು. ಅಮ್ಮ ಎಲೆ ಮಡಿಸುತ್ತಾ ಕೇಳಿ, "ಸರಿಯೇ ಅಲ್ವಾ ಮಾರಾಯ್ತಿ, ಅಡಿಕೆಗೆ ಕೊಳೆ ಬಂದ ಮೇಲೆ ಔಷಧಿ ಹೊಡೀತೀನಿ ಅಂದ್ರೆ ಯಾರು ಒಪ್ತಾರೆ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಎರಡು ವರ್ಷ ಒಂದೇ ಕಣ್ಣಲ್ಲಿ ಇರ್ಬೇಕಾ ಹಾಗಾದ್ರೆ?" ಅಂದಳು.

ಆಸ್ಪತ್ರೆಯ ಬೆಂಚಿನಿಂದಲೇ ಎಚ್‌ಆರ್‌ಗೆ ಮೇಲ್ ಹಾಕಿದ್ದೆ. ಕೆಲಸ ಬಿಡುವ ಮೊದಲೇ ಹೇಳಿದ್ದರೆ ಒಂದೇ ದಿನದ ಕೆಲಸ ಇತ್ತು ಅಂತ ಉತ್ತರ ಬಂತು. ಈಗ ನಾನು ಅವರ ಪಟ್ಟಿಯಲ್ಲೇ ಇಲ್ಲ, ಆಫೀಸ್ ಮೇಲ್ ಐಡಿಯೂ ಇಲ್ಲ, ನಾನು ನಾನೇ ಅಂತ ತೋರಿಸಲಿಕ್ಕೇ ಎರಡು ದಿನ ಹೋಯಿತು. ವಿಮಾ ಕಂಪನಿಯವರು ನನಗೆ ಹೇಳಿದ ಗಡುವು ಬಿಟ್ಟ ದಿನದಿಂದ 30 ದಿನ. ಇದು ಎಲ್ಲರಲ್ಲೂ ಒಂದೇ ಥರ ಇರೋದಿಲ್ಲ. ನೋಟಿಸ್ ಪೀರಿಯಡ್‌ನಲ್ಲಿ ಇರುವಾಗಲೇ ಕೇಳೋದು ಒಳ್ಳೇದು. ನನ್ನ ಹತ್ತಿರ ಹದಿನೈದು ದಿನ ಉಳಿದಿತ್ತು.

ಬೇಕಾದ ಕಾಗದಗಳಲ್ಲಿ ಮುಖ್ಯವಾದದ್ದು ಯಾರು ಯಾರು ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಷ್ಟು ಮೊತ್ತದ ಕವರ್‌ನಲ್ಲಿದ್ದರು ಅಂತ ಬರೆದುಕೊಟ್ಟ ಪತ್ರ. ಅದು ಕೈಗೆ ಬರೋ ಹೊತ್ತಿಗೆ ನಮ್ಮೂರಲ್ಲಿ ಕರೆಂಟ್ ಹೋಗಿ ಮೂರು ದಿನ. ಮರ ಬಿದ್ದು ಕಂಬ ಮುರಿದಿತ್ತು. ಟವರ್‌ಗೂ ಡೀಸೆಲ್ ಮುಗಿದಿರಬೇಕು, ಮನೆಯಲ್ಲಿ ಒಂದು ಕಡ್ಡಿಯೂ ಇಲ್ಲ. ದಣಪೆ ದಾಟಿ ಗುಡ್ಡ ಹತ್ತಿದರೆ ನೀರಿನ ಟ್ಯಾಂಕಿನ ಹತ್ತಿರ ಆ ಕಡೆಯ ಟವರ್ ಸಿಗುತ್ತದೆ. ನಾನು, ಗಂಡ, ಒಂದು ದೊಡ್ಡ ಕೊಡೆ. ಅವರು ಕೊಡೆ ಹಿಡಿದರು, ನಾನು ಕಾಲಿಗೆ ಉಂಬಳ ಹತ್ತುವುದನ್ನು ಒಂದು ಕೈಯಲ್ಲಿ ಕೀಳುತ್ತಾ ಇನ್ನೊಂದು ಕೈಯಲ್ಲಿ ಹದಿನಾಲ್ಕು ಪುಟದ ಪಿಡಿಎಫ್ ಏರಿಸಿದೆ. 38 ಪರ್ಸೆಂಟ್‌ಗೆ ನಿಂತಿತು. ಮತ್ತೆ ಮೊದಲಿಂದ. 71ಕ್ಕೆ ನಿಂತಿತು. ಫೋನಿನ ಮೇಲೆ ಬಿದ್ದ ಹನಿಯೇ ಏನೋ ಒತ್ತಿ ಪೇಜ್ ಮುಚ್ಚಿಹೋಯಿತು. ನಾಲ್ಕನೇ ಸಲಕ್ಕೆ ಹೋಯಿತು. ಗಂಡ ಆಗ, "ನಿಂಗೆ ಗೊತ್ತಾ, ಇದನ್ನ ಆಫೀಸಲ್ಲಿ ಕೂತು ಮಾಡಿದ್ರೆ ಕಾಫಿ ಬೇರೆ ಸಿಕ್ತಿತ್ತು" ಅಂದರು. ಅವರದು ಮನೆಯಿಂದ ಮಾಡುವ ಡ್ರಾಯಿಂಗ್ ಕೆಲಸ, ಕಂಪನಿಯೂ ಇಲ್ಲ ಪಾಲಿಸಿಯೂ ಇಲ್ಲ. ನಾಲ್ಕೂ ಜನ ನನ್ನ ಒಂದು ಸಾಲಿಗೆ ನೇತುಕೊಂಡಿದ್ದೆವು.

ಅಷ್ಟು ದಿನ ಅಮ್ಮ ಅಂಗಳಕ್ಕೆ ಇಳಿದರೆ ನನ್ನ ಜೀವ ಹೋಗಿ ಬರುತ್ತಿತ್ತು. ಮಲೆನಾಡಿನ ಮನೆಯವರಿಗೆ ಗೊತ್ತಿರುತ್ತದೆ. ಜೂನ್ ಮುಗಿಯೋದರೊಳಗೆ ಅಂಗಳ ಪೂರ್ತಿ ಹಾವಸೆ ಕಟ್ಟಿ ಎಣ್ಣೆ ಸುರಿದ ಹಾಗೆ ಆಗುತ್ತದೆ. ನಡೆಯಲು ಅಂತ ಅಡಿಕೆ ದಬ್ಬೆ ಹಾಸಿರುತ್ತೇವೆ, ಆ ದಬ್ಬೆಯೂ ಜಾರುತ್ತದೆ. ಅಮ್ಮ ಬೆಳಗ್ಗೆ ಆರಕ್ಕೆ ತುಳಸಿಗೆ ಹೂ ಕೊಯ್ಯಲು ಅದರ ಮೇಲೇ ಹೋಗುತ್ತಾಳೆ, ಒಂದು ಕಣ್ಣು ಮಂಜು. "ನಾನು ಕೊಯ್ದು ಕೊಡ್ತೀನಿ" ಅಂದರೆ "ನಿನ್ನ ಇನ್ಶೂರೆನ್ಸ್ ಇಲ್ಲ ಅಂತ ನಾನು ಪೂಜೆ ಬಿಡ್ಲಾ?" ಅಂತ ಕೇಳುತ್ತಾಳೆ. ನಾನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದೆ. ಎರಡೇ ಮಳೆಗೆ ಮತ್ತೆ ಕಟ್ಟಿತು.

ಈ ನಡುವೆ ಬೇರೆ ದಾರಿಗಳನ್ನೂ ಕೇಳಿದೆ. ಸೊಸೈಟಿಯವರು ಯಶಸ್ವಿನಿ ಅಂದರು. ಹಳ್ಳಿಯ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ. ಚಂದದ ಯೋಜನೆ. ಆದರೆ ಹೆಸರು ಬರೆಸಲು ಇಂತಿಷ್ಟೇ ದಿನ ಅಂತ ಇರುತ್ತದೆ, ಅದು ಮುಗಿದಿತ್ತು. ಆಯುಷ್ಮಾನ್ ಆರೋಗ್ಯ ಕರ್ನಾಟಕ ಕಾರ್ಡ್ ಇದೆ. ನಮ್ಮದು ಎಪಿಎಲ್, ಹಾಗಾಗಿ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ ಸರ್ಕಾರದ್ದು. ಇಲ್ಲದ್ದಕ್ಕಿಂತ ವಾಸಿ.

ಒಬ್ಬ ಏಜೆಂಟರೂ ಬಂದಿದ್ದರು. ಮೈಗ್ರೇಷನ್ ತಲೆನೋವು ಯಾಕೆ, ಬೇರೆ ಕಂಪನಿಯಲ್ಲಿ ಹೊಸದೇ ಮಾಡಿಸಿಕೊಡ್ತೀನಿ ಅಂದರು. ಅಮ್ಮನ ಸಕ್ಕರೆ ವಿಷಯ ಬರೆಯುವ ಜಾಗ ಬಂದಾಗ ಪೆನ್ ನಿಲ್ಲಿಸಿ, "ಇದನ್ನ ಬರೀಬೇಡಿ ಮೇಡಂ, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ಐದು ವರ್ಷ ಬಿಡದೆ ಪಾಲಿಸಿ ನಡೆದ ಮೇಲೆ ಮುಚ್ಚಿಟ್ಟಿದ್ದೀರಿ ಅಂತ ಹೇಳಿ ಕ್ಲೇಮ್ ತಳ್ಳುವ ಹಾಗಿಲ್ಲ, ವಂಚನೆ ಅಂತ ಸಾಬೀತಾದರೆ ಮಾತ್ರ ತಳ್ಳಬಹುದು ಅಂತ ನಿಯಮ ಇದೆ, ಅದು ನಿಜ. ಆದರೆ ಬೇಕಂತಲೇ ಮುಚ್ಚಿಡೋದಕ್ಕೆ ವಂಚನೆ ಅಂತಲೇ ಹೆಸರಲ್ವಾ? ಮೈಗ್ರೇಷನ್ ಫಾರ್ಮಿನಲ್ಲಿ ನಾನು ಮಾತ್ರೆಗಳ ಹೆಸರೂ ಬರೆದೆ, ಬಲಗಣ್ಣಿನ ಆಪರೇಷನ್ ತಾರೀಕೂ ಬರೆದೆ.

ಬರೆದದ್ದಕ್ಕೆ ಬೆಲೆ ಕಟ್ಟಬೇಕಾಯಿತು. ದಾಟಿಕೊಳ್ಳುವ ಹಕ್ಕು ಇದ್ದರೂ ಅವರು ಆರೋಗ್ಯ ನೋಡಿಯೇ ಒಪ್ಪುತ್ತಾರೆ. ಅಮ್ಮನ ಪ್ರೀಮಿಯಂ ಮೇಲೆ 15 ಪರ್ಸೆಂಟ್ ಏರಿಸಿದರು. ಅಮ್ಮನನ್ನು ಬೇರೆ ಪಾಲಿಸಿಯಲ್ಲಿ ಇಟ್ಟೆ. ಒಂದೇ ಫ್ಲೋಟರ್‌ನಲ್ಲಿ, ಅಂದರೆ ಮನೆಯವರೆಲ್ಲ ಒಂದೇ ಮೊತ್ತ ಹಂಚಿಕೊಳ್ಳುವ ಪಾಲಿಸಿಯಲ್ಲಿ, ಹಾಕಿದರೆ ಎಲ್ಲರ ಲೆಕ್ಕವೂ ಮನೆಯ ದೊಡ್ಡವರ ವಯಸ್ಸಿನ ಮೇಲೆ ಹೋಗುತ್ತದೆ, 68ರ ಅಮ್ಮನ ಜೊತೆ ಎಂಟು ವರ್ಷದ ಮಗಳಿಗೂ ಹೊಡೆತ. ನಮ್ಮ ಮೂವರಿಗೆ 10 ಲಕ್ಷ ಮಾಡಿಸಿದೆ. ಕಂಪನಿಯಲ್ಲಿ ಇದ್ದದ್ದು 5 ಲಕ್ಷ, ಹಳೆಯ ವರ್ಷಗಳ ಲೆಕ್ಕ ಆ 5 ಲಕ್ಷಕ್ಕೆ ಮಾತ್ರ. ಮೇಲಿನ 5 ಲಕ್ಷ ಒಂದನೇ ಕ್ಲಾಸೇ. ಎರಡೂ ಸೇರಿ 62,000 ಚಿಲ್ಲರೆ, ಅದರಲ್ಲಿ 18 ಪರ್ಸೆಂಟ್ ಜಿಎಸ್‌ಟಿ. ಹೆಚ್ಚೂಕಮ್ಮಿ ಒಂದು ಕ್ವಿಂಟಾಲ್ ರಾಶಿ ಅಡಿಕೆ. ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ತೆಗೆದೇ ಹಾಕಿದರು. ಮೂರು ತಿಂಗಳು ತಡವಾಗಿ ಕೆಲಸ ಬಿಟ್ಟಿದ್ದರೆ! ಇರಲಿ, ಮುಂದಿನ ವರ್ಷಕ್ಕೆ ಆಯಿತು.

ಪಾಲಿಸಿ ಶುರುವಾದದ್ದು ಜುಲೈ 3ಕ್ಕೆ. ನಡುವೆ 33 ದಿನ ನಮ್ಮ ನಾಲ್ವರ ಕೈಯಲ್ಲೂ ಏನೂ ಇರಲಿಲ್ಲ. ಕಾಗದ ಬಂದ ದಿನ ಮೊದಲು ನೋಡಿದ್ದು ಅಮ್ಮನ ಪೇಜು. ಪೊರೆಗೆ ಕಾಯುವ ಅವಧಿ ಅನ್ನೋ ಕಡೆ 'ಪೂರ್ಣ' ಅಂತ ಅರ್ಥ ಬರುವ ಒಂದು ಇಂಗ್ಲಿಷ್ ಪದ ಇತ್ತು. ಅದನ್ನು ಅಮ್ಮನಿಗೆ ಓದಿ ಹೇಳಿದೆ. "ನಾಲ್ಕನೇ ಕ್ಲಾಸಿಗೇ ಸೇರಿಸ್ಕೊಂಡ್ರಾ?" ಅಂತ ಕೇಳಿದಳು.

ನವೆಂಬರ್‌ನಲ್ಲಿ ಶಿವಮೊಗ್ಗದಲ್ಲಿ ಎಡಗಣ್ಣಿನ ಆಪರೇಷನ್ ಆಯಿತು. ಮೊದಲು ಮಣಿಪಾಲಕ್ಕೆ ಹೋಗೋಣ ಅಂತಿದ್ದೆವು, ಅಮ್ಮನಿಗೆ ಘಾಟಿ ಇಳಿದರೆ ವಾಂತಿ. ಎರಡು ದಿನ ಮೊದಲೇ ಕಾಗದ ಕಳಿಸಿದ್ದೆವು, ಕ್ಯಾಶ್‌ಲೆಸ್ ಒಪ್ಪಿಗೆ ಬಂತು. ಆದರೆ ಪಾಲಿಸಿಯಲ್ಲಿ ಒಂದು ಕಣ್ಣಿಗೆ ಇಷ್ಟೇ ಅಂತ ಮಿತಿ ಇತ್ತು. ಅದನ್ನು ನಾನು ಓದಿರಲಿಲ್ಲ. ಡಾಕ್ಟರು ಹೇಳಿದ ಲೆನ್ಸಿಗೆ 12,000 ಕೈಯಿಂದ ಹಾಕಿದೆವು.

ನಾವು ಮನೆಗೆ ಬಂದಾಗ ಸುಲಿತ ನಡೆಯುತ್ತಿತ್ತು. ಅಂಗಳದ ತುಂಬಾ ಅಡಿಕೆ ಹರವಿತ್ತು, ಹಾವಸೆ ಒಣಗಿ ಕಪ್ಪು ಸಿಪ್ಪೆಯಾಗಿ ಏಳುತ್ತಿತ್ತು. ಧೂಳಿಗೆ ಹೋಗಬಾರದು, ಬಗ್ಗಬಾರದು ಅಂತ ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ನಾಲ್ಕನೇ ದಿನ ಮಧ್ಯಾಹ್ನ ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ತುದಿಯಲ್ಲಿ ಕೂತಿದ್ದಳು. ಮಗಳು ಅಂಗಳದಲ್ಲಿ ನಿಂತಿದ್ದಳು. ಅಮ್ಮ ಕೋಲಿನಿಂದ ತೋರಿಸುತ್ತಿದ್ದಳು, "ಅದಲ್ಲ ಕೂಸೇ, ಅದರ ಪಕ್ಕದ್ದು. ಹಾಂ, ಅದು ಗೊರಬಲು. ತೆಗಿ."